ಇಸ್ಪೀಟಿಗಿದ್ದ ಜಾಗ

ಹಾಳೆಯ ಮೇಲೆ ಹದಿನಾಲ್ಕು ಹೆಸರುಗಳಿದ್ದವು. ಅರಸೀಕೆರೆಯ ನಮ್ಮ ಸಮುದಾಯ ಭವನದ ಹಿಂದೆ ಇರುವ ಕಂಪ್ಯೂಟರ್ ಕೊಠಡಿಯ ಬಾಗಿಲಿಗೆ ಅದನ್ನು ಅಂಟಿಸಿದ್ದರು. ‘ಮೂರೂ ಕೇಂದ್ರಗಳ ಕಂಪ್ಯೂಟರುಗಳಲ್ಲಿ ಇನ್ನು ಮುಂದೆ ಇರತಕ್ಕವು’ ಎಂದು ತಲೆಬರಹ. ಪತ್ರ ಬರೆಯುವುದಿತ್ತು, ಪಟ್ಟಿ ಮಾಡುವುದಿತ್ತು, ಚಿತ್ರ ಬಿಡಿಸುವುದಿತ್ತು, ಹಾಡು ಕೇಳುವುದಿತ್ತು. ಹನ್ನೊಂದನೆಯದು ಇಸ್ಪೀಟಿನ ಆಟ. ಎರಡು ಸಲ ಮೇಲಿನಿಂದ ಕೆಳಕ್ಕೆ ಓದಿದೆ, ಒಂದು ಸಲ ಕೆಳಗಿನಿಂದ ಮೇಲಕ್ಕೆ. ಕಂಪೈಲರ್ ಇರಲಿಲ್ಲ. ಒಂದೂ ಇರಲಿಲ್ಲ.

ತರಕಾರಿ ಚೀಲವನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ. ಕೋಪ ಬಂದರೆ ನನಗೆ ಮೊದಲು ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಅದೇ ಶಕ್ತಿ ಬಾಯಿಗೆ ಬರುತ್ತದೆ.

ನಮ್ಮ ಸಮಾಜದ ಟ್ರಸ್ಟು ಅರಸೀಕೆರೆ, ಹಳೇಬೀಡು, ಬೇಲೂರು ಈ ಮೂರು ಊರುಗಳಲ್ಲಿ ಒಂದೊಂದು ಕಂಪ್ಯೂಟರ್ ಕೊಠಡಿ ನಡೆಸುತ್ತದೆ. ಯಾವುದೋ ಕಚೇರಿಯವರು ಹೊಸದು ಕೊಂಡಾಗ ದಾನ ಕೊಟ್ಟ ಹಳೆಯ ಯಂತ್ರಗಳು. ಮದುವೆಗೆ ಮುಂಚೆ ನಾನು ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದವಳು. ಫಲಿತಾಂಶದ ಹಾಳೆ ಮತ್ತು ಲಗ್ನಪತ್ರಿಕೆ ಒಂದೇ ವಾರ ಮನೆಗೆ ಬಂದವು. ಲಗ್ನಪತ್ರಿಕೆಯದೇ ನಡೆಯಿತು. ಇಪ್ಪತ್ತೆರಡು ವರ್ಷ ರೊಟ್ಟಿ ತಟ್ಟಿದ ಮೇಲೆ ಒಂದು ದಿನ ಟ್ರಸ್ಟಿನವರು, ಹಳೇಬೀಡಿನ ಕೊಠಡಿಗೆ ವಾರಕ್ಕೆರಡು ದಿನ ಹೋಗಿ ಹೆಣ್ಣುಮಕ್ಕಳಿಗೆ ಹೇಳಿಕೊಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಶಿವ ಕಣ್ಣು ಬಿಟ್ಟ ಅಂದುಕೊಂಡೆ. ಮಂಗಳವಾರ ಮತ್ತು ಶುಕ್ರವಾರ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ. ಸಂಬಳವಿಲ್ಲ, ಬಸ್ಸಿನ ಟಿಕೆಟ್ಟಿಗೆ ಕೊಡುತ್ತಾರೆ. ಆಧಾರ್ ತೋರಿಸಿದರೆ ಬಸ್ಸು ನಮಗೆ ಹೇಗೂ ಬಿಟ್ಟಿ, ಹಾಗಾಗಿ ಅದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಕಂಪೈಲರ್ ಎಂದರೆ ಏನು ಎಂದು ನಮ್ಮ ಓರಗಿತ್ತಿ ಕೇಳಿದಾಗ ನಾನು ಅಡುಗೆಮನೆಯ ಒರಳು ತೋರಿಸಿದ್ದೆ. ಹುಡುಗಿಯರು ಸಿ ಭಾಷೆಯಲ್ಲಿ ಬರೆದ ಸಾಲುಗಳು ಯಂತ್ರಕ್ಕೆ ಹಾಗೆಯೇ ತಿಳಿಯುವುದಿಲ್ಲ. ಅವನ್ನು ಅರೆದು ಯಂತ್ರ ಉಣ್ಣುವ ಹದಕ್ಕೆ ತರುವುದು ಕಂಪೈಲರ್. ಅದಿಲ್ಲದಿದ್ದರೆ ಬರೆದದ್ದೆಲ್ಲ ನೆನೆಹಾಕಿದ ಅಕ್ಕಿಯ ಹಾಗೆ ಬಟ್ಟಲಲ್ಲೇ ಉಳಿಯುತ್ತದೆ. ಆಪರೇಟಿಂಗ್ ಸಿಸ್ಟಂ ಎಂದರೆ ಮನೆ. ಅದರ ‘ಬೇಸ್’ ಎಂದು ಇವರೆಲ್ಲ ಹೇಳುವುದು, ಬೀಗದ ಕೈ ಕೊಡುವಾಗಲೇ ಆ ಮನೆಯೊಳಗೆ ಇದ್ದೇ ಇರುವ ಸಾಮಾನು. ಉಳಿದದ್ದನ್ನು ಆಮೇಲೆ ಬಂದವರು ಇಂಟರ್ನೆಟ್ಟಿನಿಂದ ತಂದುಕೊಳ್ಳಬಹುದು. ಆದರೆ ಹಳೇಬೀಡಿನ ಕೊಠಡಿಗೆ ಇಂಟರ್ನೆಟ್ ಇಲ್ಲ. ಇದ್ದ ವೈರು ರಸ್ತೆ ಅಗೆದಾಗ ತುಂಡಾದದ್ದು ಹಾಗೆಯೇ ಇದೆ. ಮೇಲಾಗಿ ಪಾಸ್‌ವರ್ಡು ಯಂತ್ರಗಳನ್ನು ನೋಡಿಕೊಳ್ಳುವ ಹಾಸನದ ಗುತ್ತಿಗೆದಾರನ ಹತ್ತಿರ. ಬೇಸಿನಲ್ಲಿ ಇಲ್ಲದ್ದು ಅಲ್ಲಿ ಎಂದಿಗೂ ಇಲ್ಲ.

ನಮ್ಮ ಒರಳು ನೆಲದಲ್ಲೇ ಹೂತಿದೆ. ಟೈಲ್ಸ್ ಹಾಕಿಸುವಾಗ ಗಾರೆ ಕೆಲಸದವನು, “ಮಿಕ್ಸಿ ಐತಲ್ಲಮ್ಮ, ಇದನ್ನ ಮುಚ್ಚಿಬಿಡ್ಲಾ?” ಎಂದ. ನಮ್ಮ ಅತ್ತೆ ಅದರ ಮೇಲೆ ಮಣೆ ಹಾಕಿಕೊಂಡು ಕೂತು, “ಮೊದ್ಲು ನನ್ನ ಮುಚ್ಚು, ಆಮೇಲೆ ಅದನ್ನ” ಅಂದರು. ಟೈಲ್ಸು ಇವತ್ತಿಗೂ ಒರಳಿನ ಸುತ್ತ ದುಂಡಗೆ ಕತ್ತರಿಸಿಕೊಂಡು ನಿಂತಿದೆ.

ನಾನು ಆ ಮೆಟ್ಟಿಲಿನಿಂದ ಎದ್ದು ನೇರವಾಗಿ ಟ್ರಸ್ಟಿನ ಅಧ್ಯಕ್ಷರ ಮಂಡಿಗೆ ಹೋದೆ. ಅವರು ಕೊಬ್ಬರಿ ವ್ಯಾಪಾರಿಗಳು. ನಮ್ಮ ಯಜಮಾನರದೂ ಅದೇ ವ್ಯಾಪಾರ, ಆದರೆ ಇವರದು ದೊಡ್ಡ ಮಂಡಿ, ವಯಸ್ಸಿನಲ್ಲೂ ಹಿರಿಯರು. ಮೇಜಿನ ಮೇಲೆ ಮಾದರಿಗೆಂದು ಇಟ್ಟ ಉಂಡೆ ಕೊಬ್ಬರಿಗಳ ಮಧ್ಯದಿಂದ ತಲೆಯೆತ್ತಿ ನೋಡಿದರು.

“ಬನ್ನಿ ತಾಯಿ, ಕೂತ್ಕಳಿ. ಏನು, ಮುಖ ಕೆಂಪಗಾಗೈತೆ?”

“ಕಂಪೈಲರ್ ತೆಗೆದುಬಿಟ್ಟಿದ್ದೀರಿ.”

“ನಾವೆಲ್ಲಿ ತೆಗೆದ್ವಿ? ಲೆಕ್ಕ ತೆಗೀತು. ಒಂದು ತಿಂಗಳು ನೋಡಿದೀವಿ ಕಣಮ್ಮ, ಯಾವ್ಯಾವ ಚಿತ್ರ ಎಷ್ಟೆಷ್ಟು ಸಲ ಒತ್ತಿದಾರೆ ಅಂತ. ಓಡೋ ಸರಕು ಇಟ್ಕಂಡ್ವಿ, ಓಡದೇ ಇರೋದು ಬಿಟ್ವಿ. ಮಂಡಿ ನಡೆಸೋದೇ ಹಂಗೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಪೈಲರಿಗೆ ಪರದೆಯ ಮೇಲೆ ಚಿತ್ರವೇ ಇಲ್ಲ. ಅದನ್ನು ಯಾರೂ ಒತ್ತಲು ಆಗುವುದಿಲ್ಲ. ಕಪ್ಪು ಕಿಟಕಿ ತೆರೆದು ಹೆಸರು ಬರೆದು ಕರೆಯಬೇಕು, ಆಗ ಬಂದು ಕೆಲಸ ಮಾಡಿ ಹೋಗುತ್ತದೆ. ಏಳು ಹುಡುಗಿಯರು ಆ ತಿಂಗಳಿಡೀ ಅದನ್ನು ಕರೆದಿದ್ದರು. ಇವರ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ಇಸ್ಪೀಟಿಗೆ ಎಷ್ಟು ಬಂದಿತ್ತೋ, ಅದನ್ನು ಒತ್ತಿದವರು ಯಾರು ಎಂಬುದು ಊರಿಗೇ ಗೊತ್ತು. ಸಂಜೆ ಐದರ ಮೇಲೆ ಅರಸೀಕೆರೆಯ ಕೊಠಡಿಯಲ್ಲಿ ಕೂರುವವರು ಕಾರ್ಯಕಾರಿ ಮಂಡಳಿಯವರೇ.

ಇದನ್ನೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, “ಅಲ್ಲಮ್ಮ, ಕಣ್ಣಿಗೆ ಕಾಣದೇ ಇರೋದನ್ನ ಇಟ್ಕಂಡು ಏನ್ ಮಾಡಾದು?” ಎಂದರು.

“ಕಾಣದೇ ಇರೋನಿಗೇ ಅಲ್ವಾ ದಿನಾ ಬೆಳಗ್ಗೆ ಬಿಲ್ವಪತ್ರೆ ಏರಿಸೋದು?”

“ಶಿವ ಶಿವ. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ.”

“ಸರಿ, ಶಿವನ್ನ ಬಿಡಿ. ನಿಮ್ಮ ಅಟ್ಟದ ಮೇಲೆ ಕಾಯಿ ಹನ್ನೊಂದು ತಿಂಗಳು ಕೂತಿರುತ್ತಲ್ಲ, ಅದನ್ನ ಯಾರು ಮುಟ್ಟುತಾರೆ? ಓಡ್ತಿಲ್ಲ ಅಂತ ಆರನೇ ತಿಂಗಳಿಗೇ ಬೀದಿಗೆ ಎಸೆದಿದ್ದರೆ ಈ ಕೊಬ್ಬರಿ ಎಲ್ಲಿಂದ ಬರ್ತಿತ್ತು?”

ಅಧ್ಯಕ್ಷರು ಒಂದು ಉಂಡೆ ಕೊಬ್ಬರಿಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಮಾತಿಗೆ ಮಾತು ಸಿಗದಾಗ ಅವರು ಹಾಗೆ ಮಾಡುತ್ತಾರೆ. “ಶನಿವಾರ ಬೇಲೂರಲ್ಲಿ ಸಭೆ ಐತೆ. ಅಲ್ಲಿ ಬಂದು ಹೇಳಿ. ಸೋಮವಾರ ಹಳೇಬೀಡಿನ ಮಿಷನ್ನುಗಳನ್ನ ಅಳಿಸಿ ಹೊಸದಾಗಿ ಹಾಕ್ತಾರೆ, ಅದಕ್ಕೆ ಮುಂಚೆ ಇತ್ಯರ್ಥ ಮಾಡಾನ.”

ನನ್ನ ಕೋಪಕ್ಕೆ ಒಂದು ಮುಖವಿತ್ತು. ಹುಲಿಕೆರೆಯಿಂದ ಸೈಕಲ್ಲಿನಲ್ಲಿ ಬರುವ ಒಬ್ಬ ಹುಡುಗಿಯ ಮುಖ. ಅವಳು ಡಿಪ್ಲೊಮಾದ ಎಲ್ಲ ವಿಷಯಗಳಲ್ಲೂ ಪಾಸಾಗಿ ಸಿ ಪ್ರಾಕ್ಟಿಕಲ್ ಒಂದರಲ್ಲೇ ಎರಡು ಸಲ ನಪಾಸಾಗಿದ್ದಳು. ಕಾಲೇಜಿನಲ್ಲಿ ನಾಲ್ಕು ಜನಕ್ಕೆ ಒಂದು ಯಂತ್ರ. ಇವಳು ಕುಳ್ಳಿ, ಜೊತೆಗೆ ಸಂಕೋಚ. ಮೂರು ವರ್ಷವೂ ಬೇರೆಯವರ ಹೆಗಲ ಹಿಂದೆ ನಿಂತೇ ಕಳೆದಳು. ಪರೀಕ್ಷೆಯ ದಿನ ಮೊದಲ ಸಲ ಕೀಲಿಮಣೆಯ ಮುಂದೆ ಒಬ್ಬಳೇ ಕೂತಾಗ ಯಾವ ಅಕ್ಷರ ಎಲ್ಲಿದೆಯೆಂದು ಹುಡುಕುವುದರಲ್ಲೇ ಹೊತ್ತು ಕಳೆಯಿತಂತೆ. ಈಗ ಉಳಿದಿದ್ದು ಕೊನೆಯ ಅವಕಾಶ. ಅದಕ್ಕೆ ಮೂರು ವಾರ. ಇದರಲ್ಲಿ ಹೋದರೆ ಮೂರು ವರ್ಷದ ಓದಿಗೆ ಸರ್ಟಿಫಿಕೇಟೇ ಇಲ್ಲ. ಅವಳ ಅಮ್ಮ ಒಮ್ಮೆ ಕೊಠಡಿಗೆ ಬಂದು ಬಾಗಿಲಲ್ಲೇ ನಿಂತು, “ಅದೇನ್ ಕುಟ್ತಾಳೋ ಕುಟ್ಲಿ ಕಣವ್ವ, ಆದ್ರೆ ಈ ಸಲ ಹಿಟ್ಟು ಬೀಳ್ಬೇಕು” ಅಂದು ಹೋಗಿದ್ದರು.

ಶನಿವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಎಳೆದುಕೊಂಡೆ. ಮೂರು ಗೆರೆಗೆ ಮೂರು ಒಳ್ಳೆಯದನ್ನು ನೆನೆಯುವುದು ನನ್ನ ಅಭ್ಯಾಸ. ಹಿಂದಿನ ದಿನ ಸಿಲಿಂಡರ್ ಮುಗಿದದ್ದು ಸಾರು ಕುದಿದ ಮೇಲೆ. ಒಂದು ಗೆರೆ. ಮೊಸರು ಹದವಾಗಿ ಹೆಪ್ಪಾಗಿತ್ತು. ಎರಡು. ಅತ್ತೆಯ ಮಂಡಿನೋವಿಗೆ ಬಿಸಿಲು ಬಂದಿತ್ತು. ಮೂರು. ಇಷ್ಟು ಸಿಕ್ಕರೆ ಸಾಕು, ದಿನ ಸಾಗುತ್ತದೆ. ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಾ, “ಜಗಳಕ್ಕೆ ಹೊರಟವಳು ವಿಭೂತಿ ಜಾಸ್ತಿ ಬಳಿದಿದ್ದೀಯಲ್ಲೇ” ಎಂದರು. “ಎದುರಿಗಿರೋರಿಗೆ ಭಯ ಆಗ್ಲಿ ಅಂತ” ಅಂದೆ.

ಬಸ್ಸಿನಲ್ಲಿ ಕೂತು ನನ್ನ ಚೀಟಿಯನ್ನು ಮತ್ತೆ ನೋಡಿದೆ. ಎರಡು ಬರೆದುಕೊಂಡಿದ್ದೆ, ಸಿ ಮತ್ತು ಅದರ ತಂಗಿ ಸಿ ಪ್ಲಸ್ ಪ್ಲಸ್. ಹೆಚ್ಚು ಕೇಳಿದರೆ ಎಲ್ಲವೂ ಹೋದೀತೆಂದು ಜಾವಗಲ್ಲಿನಲ್ಲಿ ಎರಡನೆಯದನ್ನು ನಾನೇ ಹೊಡೆದುಹಾಕಿದೆ. ಹಳೇಬೀಡಿನಲ್ಲಿ ಹುಲಿಕೆರೆಯ ಹುಡುಗಿ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಕಿಟಕಿಯ ಹತ್ತಿರ ಬಂದು ಕಂಬಿ ಹಿಡಿದಳು.

“ಅಮ್ಮಾ, ಅವ್ರು ಆಗಲ್ಲ ಅಂದ್ರೆ?”

“ಅನ್ನಲಿ ನೋಡೋಣ.”

“ಪುಸ್ತಕದಲ್ಲಿ ಬರ್ಕೊಂಡು ಅಭ್ಯಾಸ ಮಾಡ್ಲಾ? ಮೇಡಂ ಹಂಗೇ ಮಾಡಿ ಅಂತಿದ್ರು ಕಾಲೇಜಲ್ಲಿ.”

“ಪುಸ್ತಕ ನಿನ್ನ ತಪ್ಪು ತೋರಿಸುತ್ತೇನೇ?”

ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟಿತು.

ಬೇಲೂರಿನ ಕೊಠಡಿ ದೇವಸ್ಥಾನದ ರಸ್ತೆಯಿಂದ ಒಂದು ಓಣಿ ಒಳಗೆ. ಹೊರಗೆ ಪ್ರವಾಸಿಗಳ ಬಸ್ಸು ಹಿಂದೆ ಮುಂದೆ ಮಾಡುತ್ತಾ ಓಣಿಯನ್ನೇ ಮುಚ್ಚಿತ್ತು. ಒಳಗೆ ಅಧ್ಯಕ್ಷರು, ಮಂಡಳಿಯ ಮೂವರು, ಹಾಸನದ ಗುತ್ತಿಗೆದಾರ, ಮತ್ತು ಆ ಕೊಠಡಿಯನ್ನು ನೋಡಿಕೊಳ್ಳುವ ನಿವೃತ್ತ ಗಣಿತದ ಮೇಷ್ಟ್ರು. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಬಂದಾಗ ಎದ್ದು ನಿಂತವರು ಅವರೊಬ್ಬರೇ.

ಗುತ್ತಿಗೆದಾರ ಒಳ್ಳೆಯ ಮಾತುಗಾರ. “ಮೇಡಂ, ಬೇಸಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೇದು. ಹಳೇ ಮಿಷನ್ನು, ಡಿಸ್ಕ್ ಚಿಕ್ಕದು. ಕಂಪೈಲರ್ ಇದ್ರೆ ಯಾರಾದ್ರೂ ಏನಾದ್ರೂ ಬರ್ದು ಸಿಸ್ಟಂ ಹಾಳ್ಮಾಡ್ತಾರೆ. ಇನ್ನು ಪ್ರಾಕ್ಟೀಸ್‌ಗೆ ಅಂದ್ರೆ ಮೊಬೈಲಲ್ಲೇ ಬರುತ್ತೆ ಈಗ.”

“ಕೈ ಕುಯ್ಯುತ್ತೆ ಅಂತ ಅಡುಗೆಮನೇಲಿ ಈಳಿಗೆಮಣೆ ಇಡಲ್ವೇನಪ್ಪಾ ನಿಮ್ಮನೇಲಿ?”

ಮಂಡಳಿಯವರಲ್ಲಿ ಒಬ್ಬರು ನಕ್ಕರು. ನಾನು ಬಿಡಲಿಲ್ಲ. ಹುಲಿಕೆರೆಯ ಹುಡುಗಿಯ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅವಳ ಅಪ್ಪನ ಜೇಬಿನಲ್ಲಿ ರಾಗಿ ಹೊಲಕ್ಕೆ ಹೋಗಿ ಹೊತ್ತು ಮುಳುಗುವ ವೇಳೆಗೆ ಚಾರ್ಜು ಮುಗಿಸಿಕೊಂಡು ಬರುತ್ತದೆ ಎಂದೆ. ಪರೀಕ್ಷೆಯಲ್ಲಿ ಕೂರಿಸುವುದು ಫೋನಿನ ಮುಂದೆ ಅಲ್ಲ, ಕೀಲಿಮಣೆಯ ಮುಂದೆ ಎಂದೆ. ಇಸ್ಪೀಟಿಗೆ ಇರುವ ಜಾಗ ಒಂದು ಹೆಣ್ಣುಮಗುವಿನ ಮೂರು ವರ್ಷಕ್ಕೆ ಇಲ್ಲವೇ ಎಂದೆ. ಧ್ವನಿ ಏರಿತ್ತು. ಏರಲಿ. ಇಸ್ಪೀಟು ಎಂದಾಗ ಮಂಡಳಿಯ ಇಬ್ಬರು ಗೋಡೆಯ ಕ್ಯಾಲೆಂಡರ್ ನೋಡಿದರು.

ಅಧ್ಯಕ್ಷರು ಕೈ ಎತ್ತಿದರು. “ಆಯ್ತಮ್ಮ. ಒಂದು ಹಾಕಿಸಾನ. ಒಂದೇ. ಯಾವುದು ಅಂತ ಹೇಳಿ.”

ಆಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನಂದೂ ಒಂದು ಇತ್ತು” ಎಂದು ಜೇಬಿನಿಂದ ಒಂದು ಹಾಳೆ ತೆಗೆದರು. ಮೇಷ್ಟ್ರ ಅಕ್ಷರದಲ್ಲಿ ದುಂಡಗೆ ‘ಫೋರ್ಟ್ರಾನ್’ ಎಂದು ಬರೆದಿತ್ತು. ಅವರು ಕಲಿತ ಕಾಲದ ಭಾಷೆ. ಬೇಲೂರಿನ ಸೂರ್ಯೋದಯ, ಸೂರ್ಯಾಸ್ತ, ತಿಥಿ ಎಲ್ಲವನ್ನೂ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಅವರು ನಿವೃತ್ತಿಯಾದಾಗಿನಿಂದ ಬರೆಯುತ್ತಾ ತಿದ್ದುತ್ತಾ ಬಂದಿದ್ದರು. ಈ ಕೊಠಡಿಯ ಯಂತ್ರವೊಂದರಲ್ಲಿ ದಿನಾ ಬೆಳಿಗ್ಗೆ ಅದನ್ನು ನಡೆಸಿ, ಬಂದ ಸಮಯವನ್ನು ಹಲಗೆಯ ಮೇಲೆ ಬರೆಯುತ್ತಿದ್ದರು. ಯಂತ್ರ ಅಳಿಸಿ ಹೊಸ ಬೇಸ್ ಹಾಕಿದ ಮೇಲೆ ಫೋರ್ಟ್ರಾನ್ ಕಂಪೈಲರ್ ಇಲ್ಲದೆ ಅದು ನಡೆಯುವುದಿಲ್ಲ.

ಅಧ್ಯಕ್ಷರು ಒಂದೇ ಎಂದಿದ್ದರು. ಕೈಗೆ ಬಂದದ್ದು ಜಾರುತ್ತಿದೆ ಅನಿಸಿತು. ಆ ಕ್ಷಣ ನನ್ನ ಬಾಯಿಂದ ಬಂದ ಮಾತನ್ನು ನಾನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬರೆಯುತ್ತೇನೆ.

“ಅಯ್ಯೋ ಮೇಷ್ಟ್ರೇ, ಆ ಹಳೇದು ಈಗ ಯಾರಿಗೆ ಬೇಕು? ಪಂಚಾಂಗ ಅಂಗಡೀಲಿ ಸಿಗುತ್ತಲ್ಲ!”

ಎಲ್ಲರೂ ನಕ್ಕರು. ಗುತ್ತಿಗೆದಾರನೂ ನಕ್ಕ. ಮೇಷ್ಟ್ರೂ ಸ್ವಲ್ಪ ನಕ್ಕು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪೆನ್ನುಗಳ ಹಿಂದೆ ಇಟ್ಟುಕೊಂಡರು. ಪಟ್ಟಿಗೆ ಹದಿನೈದನೆಯದಾಗಿ ಸಿ ಕಂಪೈಲರ್ ಸೇರಿತು. ಅಧ್ಯಕ್ಷರು ಸಹಿ ಹಾಕಿದರು. ಕಾಫಿ ಬಂತು. ಮೇಷ್ಟ್ರೇ ಲೋಟ ಎತ್ತಿ ನನ್ನ ಕೈಗೆ ಕೊಟ್ಟರು.

ಮಾರನೆಯ ದಿನ ವಿಭೂತಿ ಹಚ್ಚುವಾಗ ಮೊದಲ ಗೆರೆ ದೊಡ್ಡದಾಗಿಯೇ ಎಳೆದೆ, ಕಂಪೈಲರ್ ಬಂತು ಎಂದು. ಎರಡನೆಯದಕ್ಕೆ ಬಸ್ಸಿನಲ್ಲಿ ಸೀಟು ಸಿಕ್ಕದ್ದು. ಮೂರನೆಯದಕ್ಕೆ ಬೆರಳು ಎತ್ತಿದರೆ ಮೇಷ್ಟ್ರ ನಾಲ್ಕು ಮಡಿಕೆಯ ಹಾಳೆ ಕಣ್ಣಿಗೆ ಬಂತು. ಒಳ್ಳೆಯದೇನೂ ನೆನಪಾಗದೆ ಸುಮ್ಮನೆ ಎಳೆದುಕೊಂಡು ಎದ್ದೆ.

ಸೋಮವಾರ ಹಳೇಬೀಡಿನಲ್ಲಿ ಗುತ್ತಿಗೆದಾರ ಯಂತ್ರಗಳನ್ನು ಅಳಿಸಿ ಹೊಸ ಬೇಸ್ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನಂಬಿಕೆಯಿಲ್ಲ ನನಗೆ. ಪೆನ್‌ಡ್ರೈವಿನಿಂದ ಒಂದೊಂದಾಗಿ ಹೆಸರು ಮತ್ತು ಅದಕ್ಕೆ ಬೇಕಾದ ಜಾಗ ಪರದೆಯ ಮೇಲೆ ಕಾಣುತ್ತಿತ್ತು. ಸಿ ಕಂಪೈಲರ್ ಬಂತು, ಅದಕ್ಕೆ ಗುರುತು ಹಾಕಿದ. ಅದರ ಕೆಳಗೇ ಫೋರ್ಟ್ರಾನಿನದಿತ್ತು, ಗುರುತಿಲ್ಲದೆ. ಮುಂದೆ ಬರೆದಿದ್ದ ಜಾಗ ನನಗೆ ತಪ್ಪಾಗಿ ಕಂಡಿತೇನೋ ಎಂದು ಕನ್ನಡಕ ಸರಿಮಾಡಿಕೊಂಡೆ.

“ಇದು ಇಷ್ಟೇನಾ?”

“ಅದಾ? ಸಿ ಬಂದ್ಮೇಲೆ ಅದೇನೂ ಅಲ್ಲ ಮೇಡಂ. ಒಂದ್ಹತ್ತು ಹಾಡಿನಷ್ಟು. ಮುಕ್ಕಾಲು ಸಾಮಾನು ಎರಡಕ್ಕೂ ಒಂದೇ.”

ಒರಳು ಒಂದೇ, ಗುಂಡುಕಲ್ಲು ಮಾತ್ರ ಬೇರೆ. ಇದು ನನಗೆ ಗೊತ್ತಿರಬೇಕಾಗಿತ್ತು. ಗೊತ್ತಿತ್ತು ಕೂಡ, ಡಿಪ್ಲೊಮಾದಲ್ಲಿ ಓದಿದ್ದೆ. ಹೆದರಿಕೆಯಲ್ಲಿ ಮರೆತಿದ್ದೆ. ಕೋಪ ಕಾಲಿಗಿಳಿದು ಬಾಯಿಗೆ ಏರಿತು. “ಮತ್ತೆ ಸಭೇಲಿ ಯಾಕಪ್ಪಾ ಬಾಯಿ ಬಿಡಲಿಲ್ಲ? ಎರಡೂ ಹಿಡಿಯುತ್ತೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. “ನೀವೇ ಬೇಡ ಅಂದ್ರಲ್ಲ ಮೇಡಂ.”

ಈಗಲಾದರೂ ಹಾಕು ಎಂದೆ. ಸಹಿಯಾದ ಪಟ್ಟಿಯಲ್ಲಿ ಹದಿನೈದೇ ಇದೆ, ಹದಿನಾರನೆಯದು ಹಾಕಿದರೆ ತನ್ನ ಬಿಲ್ಲು ಪಾಸಾಗುವುದಿಲ್ಲ ಎಂದ. ಸಂಜೆ ಮತ್ತೆ ಅಧ್ಯಕ್ಷರ ಮಂಡಿಗೆ ಹೋದೆ. ಈ ಸಲ ಅವರು ಕೂತುಕೊಳ್ಳಿ ಎನ್ನುವ ಮೊದಲೇ ಕೂತೆ.

“ಮೊನ್ನೆ ನಾನು ಅಂದದ್ದು ತಪ್ಪು. ಮೇಷ್ಟ್ರದನ್ನೂ ಸೇರಿಸಿ. ಜಾಗ ಇದೆ.”

“ನೀವೇ ಹಳೇದು ಅಂದ್ರಿ.”

“ಅಂದೆ. ತಪ್ಪು ಅಂದೆ. ನಿಮ್ಮ ನಡಾವಳಿ ಪುಸ್ತಕದಲ್ಲಿ ಹಂಗೇ ಬರೀರಿ ಬೇಕಾದ್ರೆ.”

“ಹಂಗೆಲ್ಲ ದಿನಕ್ಕೊಂದು ಸಲ ಪಟ್ಟಿ ತಿದ್ದಕ್ಕಾಗಲ್ಲ ತಾಯಿ. ಮುಂದಿನ ಸಭೇಲಿ ನೋಡಾನ. ಅಷ್ಟಕ್ಕೂ ಮೇಷ್ಟ್ರು ಏನೂ ಕೇಳಲಿಲ್ಲವಲ್ಲ?”

ಕೇಳಲಿಲ್ಲವಲ್ಲ! ಕೇಳಲು ಬಂದವರ ಬಾಯಿ ಮುಚ್ಚಿಸಿ ನಗುವುದು, ಆಮೇಲೆ ಕೇಳಲಿಲ್ಲ ಎನ್ನುವುದು. ನನಗೆ ಅವರ ಮೇಲೆ ಬಂದ ಸಿಟ್ಟಿನ ಅರ್ಧ ನನ್ನ ಮೇಲೆಯೇ ತಿರುಗಿ ಬಿತ್ತು. ಏಕೆಂದರೆ ನಗಿಸಿದವಳು ನಾನು.

ಆ ಮೂರು ವಾರ ಮಂಗಳವಾರ ಶುಕ್ರವಾರವಲ್ಲದೆ ಬುಧವಾರವೂ ಹೋದೆ. ಹುಲಿಕೆರೆಯ ಹುಡುಗಿಯನ್ನು ಒಂದು ಯಂತ್ರದ ಮುಂದೆ ಒಬ್ಬಳನ್ನೇ ಕೂರಿಸಿದೆ. ಹಿಂದೆ ಯಾರೂ ನಿಲ್ಲಬಾರದು ಎಂದು ಉಳಿದ ಆರು ಜನಕ್ಕೆ ಕಟ್ಟುನಿಟ್ಟು. ಅವಳು ಬರೆದು ಕಂಪೈಲರ್ ಕರೆದರೆ ಮೊದಮೊದಲು ಪರದೆ ತುಂಬ ತಪ್ಪುಗಳು ಬರುತ್ತಿದ್ದವು. ಅವಳ ಮುಖ ಸಪ್ಪಗಾಗುತ್ತಿತ್ತು.

“ಬಯ್ತಾ ಐತಮ್ಮ.”

“ಬಯ್ತಿಲ್ಲ ಕಣೇ. ಏಳನೇ ಸಾಲಲ್ಲಿ ಎಡವಿದ್ದೀಯ ಅಂತ ಕೈ ಹಿಡಿದು ತೋರಿಸ್ತಾ ಇದೆ. ಇಷ್ಟು ತಾಳ್ಮೆ ನಿಮ್ಮ ಕಾಲೇಜಿನವರಿಗೆ ಇತ್ತಾ?”

“ನಿಮಗೂ ಇಲ್ಲ” ಅಂದು ನಕ್ಕಳು.

ಎರಡನೆಯ ವಾರದ ಕೊನೆಗೆ ಒಂದು ದಿನ ಅವಳು ಬರೆದದ್ದು ಮೊದಲ ಸಲಕ್ಕೇ ತಪ್ಪಿಲ್ಲದೆ ಬಂತು. ಏನೂ ಬರಲಿಲ್ಲ ಎಂದು ಅವಳು ಗಾಬರಿಯಾದಳು. ಏನೂ ಅನ್ನದಿದ್ದರೆ ಎಲ್ಲ ಸರಿಯಿದೆ ಎಂದರ್ಥ ಎಂದು ಹೇಳಿದೆ. ನಡೆಸಿದಾಗ ನಕ್ಷತ್ರಗಳ ತ್ರಿಕೋನ ಪರದೆಯ ಮೇಲೆ ಗೋಪುರದ ಹಾಗೆ ನಿಂತಿತು. ಆ ದಿನ ಕರೆಂಟು ತ್ರಿಕೋನ ಪೂರ್ತಿಯಾದ ಮೇಲೆ ಹೋಯಿತು. ಅದನ್ನು ಮಾರನೆಯ ದಿನದ ಒಂದು ಗೆರೆಗೆ ಸೇರಿಸಿಕೊಂಡೆ.

ಅವಳು ಪಾಸಾದಳು. ಫಲಿತಾಂಶ ಬಂದ ಶುಕ್ರವಾರ ಅವಳ ಅಮ್ಮ ಮಾಡಿದ ರಾಗಿ ಹುರಿಹಿಟ್ಟಿನ ಉಂಡೆಗಳನ್ನು ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದಳು. “ಹಿಟ್ಟು ಬಿತ್ತು ಅಂತ ಹೇಳು ನಿಮ್ಮ ಅಮ್ಮಂಗೆ” ಎಂದೆ. ಹುಡುಗಿಯರೆಲ್ಲ ಒಂದೊಂದು ತಿಂದರು. ಡಬ್ಬಿ ಮುಚ್ಚುತ್ತಾ ಅವಳು ಕೇಳಿದಳು.

“ಅಮ್ಮಾ, ಬೇಲೂರು ಕೊಠಡಿ ಹಲಗೆ ಮೇಲೆ ಈಗ ಸೂರ್ಯ ಹುಟ್ಟೋ ಟೈಮ್ ಬರೆಯಲ್ವಂತೆ. ನಮ್ಮ ಚಿಕ್ಕಮ್ಮ ಅಲ್ಲೇ ಇರೋದು, ದಿನಾ ಅದನ್ನ ನೋಡ್ಕೊಂಡೇ ಹೋಗೋರು. ಮೇಷ್ಟ್ರದ್ದು ಯಾರೋ ತೆಗೆದುಹಾಕಿದ್ರಂತೆ. ಯಾಕೆ ಹಂಗೆ ಮಾಡಿದ್ರು?”

ಯಾರೋ ಎಂದೇ ಬಿಡಬಹುದಿತ್ತು. ಆದರೆ ಕುತ್ತಿಗೆಯಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಅದು ಎದೆಗೆ ತಾಗಿಕೊಂಡೇ ಇರುತ್ತದೆ. “ನಾನೇ ಕಣೇ” ಎಂದೆ. ಸಭೆಯಲ್ಲಿ ಆದದ್ದನ್ನು ಆದ ಹಾಗೆ ಹೇಳಿದೆ. ನಕ್ಕದ್ದು, ಮಡಿಚಿದ್ದು, ಹತ್ತು ಹಾಡಿನಷ್ಟು ಜಾಗ, ಎಲ್ಲ.

ನನ್ನನ್ನು ಬಯ್ಯಬಹುದು ಎಂದುಕೊಂಡಿದ್ದೆ. ಅವಳು ಡಬ್ಬಿ ತೆರೆದು ಉಳಿದ ಉಂಡೆಗಳನ್ನು ಎಣಿಸಿದಳು. “ಆರು ಐತೆ. ಬೇಲೂರಿಗೆ ಹೋಗಿ ಕೊಟ್ಟು ಬರಾನ ಬನ್ನಿ.”

ಮೇಷ್ಟ್ರು ಕೊಠಡಿಯಲ್ಲೇ ಇದ್ದರು. ಕೈಯಲ್ಲಿ ಪೆನ್ಸಿಲ್, ಮುಂದೆ ರೂಲು ಹಾಕಿದ ಹಾಳೆ. ಕೈಲೆಕ್ಕದಲ್ಲೇ ಮಾಡಲು ನೋಡುತ್ತಿದ್ದರು, ಒಂದು ದಿನದ್ದು ಮುಗಿಯುವಷ್ಟರಲ್ಲಿ ಆ ದಿನವೇ ಮುಗಿಯುತ್ತಿತ್ತಂತೆ. ಹುಡುಗಿ ಉಂಡೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಏನು ಬರೆದು ಪಾಸಾದೆ, ತೋರಿಸು ಎಂದರು. ಅವಳು ನೋಟ್‌ಬುಕ್ ಬಿಚ್ಚಿದಳು. ಅವರು ಪೆನ್ಸಿಲಿನಲ್ಲಿ ಒಂದು ಕಡೆ ಗೆರೆ ಎಳೆದು, “ಈ ಸುತ್ತು ಒಂದು ಸಲ ಜಾಸ್ತಿ ತಿರುಗುತ್ತೆ ನೋಡು. ಪಾಸು ಮಾಡಿದೋರು ಗಮನಿಸಿಲ್ಲ” ಎಂದರು. ಭಾಷೆ ಅವರದ್ದಲ್ಲ. ತಪ್ಪು ಮಾತ್ರ ಸಿಕ್ಕಿತು.

ನಾನು ಕ್ಷಮೆ ಕೇಳಿದೆ. ಬಹಳ ಮಾತು ಜೋಡಿಸಿಕೊಂಡು ಬಂದಿದ್ದೆ, ಬಂದದ್ದು ಎರಡೇ.

ಮೇಷ್ಟ್ರು ಉಂಡೆಯನ್ನು ಮುರಿದು ಬಾಯಿಗೆ ಹಾಕಿಕೊಂಡರು. “ಅದು ಹಳೇದೇ ಕಣಮ್ಮ, ಅದರಲ್ಲೇನೂ ಸುಳ್ಳಿಲ್ಲ. ಯಾರಿಗೆ ಬೇಕು ಅಂತ ಕೇಳಿದ್ರಲ್ಲ, ಆವಾಗ ನನಗೆ ಬೇಕು ಅನ್ನಬೇಕಾಗಿತ್ತು ನಾನು. ಎಲ್ಲರೂ ನಗ್ತಿದ್ರು, ನಾಚಿಕೆಯಾಯ್ತು.” ಆಮೇಲೆ ಗಟ್ಟಿಯಾಗಿ, “ಆದ್ರೆ ಪಂಚಾಂಗ ಅಂಗಡೀಲಿ ಸಿಗುತ್ತೆ ಅಂದದ್ದು ತಪ್ಪು. ಅಂಗಡೀದು ಯಾವುದೋ ದೊಡ್ಡೂರಿನ ಸೂರ್ಯ. ಇದು ಬೇಲೂರಿಂದು” ಎಂದರು.

ಅಲ್ಲೇ ಕೂತು ಅರ್ಜಿ ಬರೆದೆವು. ಮೇಷ್ಟ್ರು ಬೇಡವೆಂದರೂ ಹುಡುಗಿ ಬಿಡಲಿಲ್ಲ. ಪಟ್ಟಿಗೆ ಹದಿನಾರನೆಯದು ಸೇರಿಸಬೇಕು, ಜಾಗ ಸಾಲದಿದ್ದರೆ ಹನ್ನೊಂದನೆಯದನ್ನು ತೆಗೆಯಬೇಕು. ಇಸ್ಪೀಟು ಎಂದು ಬರೆಯಲಿಲ್ಲ, ಅಂಕಿಯಷ್ಟೇ. ಮೂವರೂ ಸಹಿ ಹಾಕಿದೆವು. ಅವಳು ಹೆಸರಿನ ಮುಂದೆ ಮೊದಲ ಸಲ ‘ಡಿಪ್ಲೊಮಾ’ ಎಂದು ಬರೆದಳು. ನಾನು ನೋಡಿ ನನ್ನ ಹೆಸರಿನ ಮುಂದೂ ಬರೆದೆ. ಇಪ್ಪತ್ತೆರಡು ವರ್ಷದ ಮೇಲಾಗಿತ್ತು, ಆ ಪದವನ್ನು ಎಲ್ಲಿಯೂ ಬರೆದಿರಲಿಲ್ಲ.

ಅರ್ಜಿಯನ್ನು ಅಧ್ಯಕ್ಷರ ಕೈಗೇ ಕೊಟ್ಟೆ. ಓದಿದರು, ಹನ್ನೊಂದನೆಯದು ಯಾವುದೆಂದು ಬೆರಳಲ್ಲಿ ಲೆಕ್ಕ ಹಾಕಿದರು, ಉಂಡೆ ಕೊಬ್ಬರಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ಅದನ್ನು ಅರ್ಜಿಯ ಮೇಲಿಟ್ಟರು, ಗಾಳಿಗೆ ಹಾರಬಾರದಲ್ಲ. ಮಂಗಳವಾರ ಮಂಗಳವಾರ ಹಳೇಬೀಡಿನ ಬಸ್ಸು ಹತ್ತುವ ಮುಂಚೆ ಹೋಗಿ ನೋಡುತ್ತೇನೆ. ಕೊಬ್ಬರಿ ಎರಡು ಸಲ ಬದಲಾಗಿದೆ, ಅರ್ಜಿ ಅಲ್ಲೇ ಇದೆ. ಬೇಲೂರಿನ ಹಲಗೆ ಖಾಲಿಯಿದೆ. ಇಸ್ಪೀಟು ಮಾತ್ರ ಮೂರು ಊರಿನಲ್ಲೂ ಆರೋಗ್ಯವಾಗಿದೆ.